ಮೂಗಿನ ರೈನೋಪ್ಲಾಸ್ಟಿಯ ನಂತರ ಚರ್ಮ ಬದಲಾಗುವುದೇಕೆ, ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಹೊಂಬಾಳೆ

ಎಲ್ಲರಿಗೂ ನಮಸ್ಕಾರ. ಮೂಗಿನ ಮೇಲಿನ ದಿಬ್ಬವನ್ನು ತಗ್ಗಿಸಿ ತುದಿಯನ್ನು ತಿದ್ದುವ ರೈನೋಪ್ಲಾಸ್ಟಿಯನ್ನು ಈಚೆಗೆ ಮಾಡಿಸಿಕೊಂಡಿದ್ದೇನೆ. ಎರಡು ಹೊಳ್ಳೆಗಳ ನಡುವಿನ ಕಿರುಪಟ್ಟಿಯಲ್ಲಿ ಕೊಯ್ದು, ಚರ್ಮವನ್ನು ಮೇಲೆತ್ತಿ ಮಾಡುವ ಓಪನ್ ವಿಧಾನ ನನ್ನದು. ಮೊದಲ ವಾರದ ಕೊನೆಗೆ ಸ್ಪ್ಲಿಂಟನ್ನೂ (ಟೇಪಿನ ಮೇಲೆ ಮೂಗಿಗೆ ಕೂರಿಸಿದ್ದ ಗಟ್ಟಿ ಆಸರೆ) ಹೊಲಿಗೆಗಳನ್ನೂ ತೆಗೆದರು. ಆಕಾರದ ಬಗ್ಗೆ ನನಗೆ ಆತಂಕವಿಲ್ಲ, ಏಕೆಂದರೆ ಊತ ಇಳಿಯಲು ತಿಂಗಳುಗಳೇ ಬೇಕೆಂದು ಮೊದಲೇ ತಿಳಿಸಿದ್ದರು. ಆದರೆ ಚರ್ಮದ ಬಗ್ಗೆ ಯಾರೂ ಏನನ್ನೂ ಹೇಳಿರಲಿಲ್ಲ.

ಟೇಪ್ ಬಿಚ್ಚಿದಾಗ ಅದರ ಒಳಮೈಗೆ ಹಳದಿ ಛಾಯೆಯ ಜಿಡ್ಡಿನ ಪದರವೊಂದು ಅಂಟಿಕೊಂಡು ಬಂದಿತು. ಅದರಡಿಯ ಮೂಗಿನ ತುದಿ ಬಿಗಿದು ಹೊಳೆಯುತ್ತಿತ್ತು, ರಂಧ್ರಗಳೆಲ್ಲ ತೆರೆದುಕೊಂಡಂತಿದ್ದವು, ಹೊಳ್ಳೆಗಳ ಮಡಿಕೆಯುದ್ದಕ್ಕೂ ಬಿಳಿ ಮತ್ತು ಕಪ್ಪು ಚುಕ್ಕೆಗಳು ಸಾಲುಗಟ್ಟಿದ್ದವು. ಇದಕ್ಕೆ ವಿರುದ್ಧವಾಗಿ ಮೂಗಿನ ನಡುಭಾಗದ ಚರ್ಮ ಒಣಗಿ ಸಿಪ್ಪೆ ಏಳುತ್ತಿದೆ. ಬೆಳಿಗ್ಗೆ ತೊಳೆದರೆ ಮಧ್ಯಾಹ್ನದ ಹೊತ್ತಿಗೆ ತುದಿಯ ಮೇಲೆ ಮತ್ತೆ ಎಣ್ಣೆ. ಕಣ್ಣಿನ ಕೆಳಗಿನ ನೀಲಿ ಹೋಗಿ ಕಂದು ಉಳಿದಿದೆ. ತುದಿಯನ್ನು ಮುಟ್ಟಿದರೆ ಬೆರಳಿಗೆ ಮೂಗು ಸಿಗುತ್ತದೆಯೇ ಹೊರತು ಮೂಗಿಗೆ ಬೆರಳು ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ “ಎಲ್ಲವೂ ಸಹಜ” ಎಂಬ ಉತ್ತರವಷ್ಟೇ ಸಿಕ್ಕಿತು. ಸಹಜವೇ ಇರಬಹುದು, ಆದರೆ ಕಾರಣ ತಿಳಿಯದೆ ಮನಸ್ಸಿಗೆ ಸಮಾಧಾನವಾಗುತ್ತಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಚರ್ಮತಜ್ಞೆ

ಹೊಂಬಾಳೆಯವರೇ, ನೀವು ಹೇಳಿದ ಲಕ್ಷಣಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣವಿದೆ. ಎಲ್ಲವನ್ನೂ “ಸಹಜ” ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನನಗೂ ಸರಿಯೆನಿಸುವುದಿಲ್ಲ, ಏಕೆಂದರೆ ಕಾರಣ ತಿಳಿದವರು ತಪ್ಪು ಆರೈಕೆಗೆ ಕೈಹಾಕುವುದು ಕಡಿಮೆ.

ಮೊದಲು ಮೂಗಿನ ಚರ್ಮದ ರಚನೆಯನ್ನು ನೋಡೋಣ. ಮೂಗಿನುದ್ದಕ್ಕೂ ಚರ್ಮ ಒಂದೇ ದಪ್ಪ ಇರುವುದಿಲ್ಲ. ಹುಬ್ಬುಗಳ ನಡುವೆ ಮೂಗು ಆರಂಭವಾಗುವಲ್ಲಿ ಅದು ಸರಾಸರಿ 1.25 ಮಿಲಿಮೀಟರ್‌ನಷ್ಟಿದ್ದರೆ, ಮೂಳೆ ಮುಗಿದು ಮೃದ್ವಸ್ಥಿ ಶುರುವಾಗುವ ನಡುಭಾಗದಲ್ಲಿ ಸುಮಾರು 0.6 ಮಿಲಿಮೀಟರ್‌ಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ, ತುದಿಯಲ್ಲಿ ಮತ್ತು ಹೊಳ್ಳೆಗಳ ಮೇಲೆ, ಮತ್ತೆ ದಪ್ಪವಾಗುತ್ತದೆ. ಆ ದಪ್ಪ ಭಾಗದಲ್ಲೇ ತೈಲಗ್ರಂಥಿಗಳು ಒತ್ತೊತ್ತಾಗಿ ತುಂಬಿರುತ್ತವೆ. ಆದ್ದರಿಂದ ಒಂದೇ ಮೂಗಿನಲ್ಲಿ ನಡುಭಾಗ ಒಣಗಿ, ತುದಿ ಜಿಡ್ಡಾಗಿರುವುದರಲ್ಲಿ ವಿರೋಧಾಭಾಸವೇನೂ ಇಲ್ಲ.

ಇನ್ನು ಸ್ಪ್ಲಿಂಟಿನ ಕೆಳಗೆ ಏನಾಯಿತೆಂದರೆ, ಆ ದಿನಗಳಲ್ಲಿ ನಿಮ್ಮ ಚರ್ಮ ಎಂದಿನಂತೆ ಎಣ್ಣೆ ಸುರಿಸುತ್ತಲೇ ಇತ್ತು, ಮೇಲ್ಪದರದ ಜೀವಕೋಶಗಳು ಎಂದಿನಂತೆ ಸಾಯುತ್ತಲೇ ಇದ್ದವು, ಆದರೆ ಅವೆರಡೂ ಟೇಪಿನಡಿಯಿಂದ ಹೊರಹೋಗಲು ದಾರಿಯಿರಲಿಲ್ಲ. ಸತ್ತ ಕೋಶ, ಎಣ್ಣೆ ಮತ್ತು ಬೆವರಿನ ತೇವ ಸೇರಿ ಆದದ್ದೇ ನೀವು ಕಂಡ ಹಳದಿ ಪದರ. ಅದೇ ಮಿಶ್ರಣ ರಂಧ್ರದ ಬಾಯಲ್ಲಿ ಗಟ್ಟಿಯಾದಾಗ ಬಿಳಿ ಚುಕ್ಕೆ, ಗಾಳಿಗೆ ಒಡ್ಡಿಕೊಂಡು ಬಣ್ಣ ತಿರುಗಿದಾಗ ಕಪ್ಪು ಚುಕ್ಕೆ. ಅದು ಕೊಳೆಯಲ್ಲ, ಹಾಗಾಗಿ ಉಜ್ಜಿದರೆ ಹೋಗುವುದೂ ಇಲ್ಲ.

ರಂಧ್ರಗಳು ದೊಡ್ಡದಾಗಿ ಕಾಣುವುದಕ್ಕೆ ಊತವೇ ಕಾರಣ. ಚರ್ಮವನ್ನು ಮೇಲೆತ್ತುವಾಗ ಅದರಡಿಯ ಸಣ್ಣ ರಕ್ತನಾಳಗಳೂ ದುಗ್ಧನಾಳಗಳೂ ತುಂಡಾಗುತ್ತವೆ. ದುಗ್ಧನಾಳಗಳ ಕೆಲಸವೇ ಅಂಗಾಂಶದಲ್ಲಿ ಸೇರಿದ ಹೆಚ್ಚುವರಿ ದ್ರವವನ್ನು ಹೊರಗೊಯ್ಯುವುದು. ಅವು ಮತ್ತೆ ಕೂಡಿಕೊಳ್ಳುವ ತನಕ ದ್ರವ ತುದಿಯಲ್ಲೇ ನಿಂತು, ಚರ್ಮ ಒಳಗಿನಿಂದ ಹಿಗ್ಗಿ, ಪ್ರತಿ ರಂಧ್ರದ ಅಂಚೂ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಊತ ಇಳಿದಂತೆ ರಂಧ್ರಗಳೂ ಬಹುಮಟ್ಟಿಗೆ ಮೊದಲಿನಂತಾಗುತ್ತವೆ.

ನಿಧಾನವೇ_ಪ್ರಧಾನ

ನನ್ನದು ದಪ್ಪ ಚರ್ಮದ ಮೂಗು. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿರುವುದರಿಂದ ಕಾಲಕ್ರಮದ ಬಗ್ಗೆ ಸ್ವಲ್ಪ ಹೇಳಬಲ್ಲೆ. ಎಣ್ಣೆಯ ಹಾವಳಿ ಮೊದಲ ಕೆಲವು ವಾರಗಳಲ್ಲೇ ಅತಿ ಹೆಚ್ಚಾಗಿತ್ತು, ಅನಂತರ ನಿಧಾನವಾಗಿ ತಗ್ಗಿತು. ಊತ ಮಾತ್ರ ಬೇರೆಯೇ ಲೆಕ್ಕದಲ್ಲಿ ಸಾಗಿತು. ಬೆಳಿಗ್ಗೆ ಎದ್ದಾಗ ತುದಿ ದಪ್ಪಗೆ, ಗಟ್ಟಿಯಾಗಿ ಇರುತ್ತಿತ್ತು. ಸಂಜೆಯ ಹೊತ್ತಿಗೆ ಅದೇ ಮೂಗು ಚಿಕ್ಕದಾಗಿ ಕಾಣುತ್ತಿತ್ತು. ಮಲಗಿದಾಗ ದ್ರವ ತಲೆಯ ಕಡೆಗೆ ಸರಿಯುವುದರಿಂದ ಹೀಗಾಗುತ್ತದೆ ಎಂದು ನನ್ನ ವೈದ್ಯರು ವಿವರಿಸಿದ್ದರು. ತಲೆಯ ಕೆಳಗೆ ಇನ್ನೊಂದು ದಿಂಬು ಸೇರಿಸಿಕೊಂಡು ಮಲಗಲು ಹೇಳಿದ್ದೂ ಇದಕ್ಕಾಗಿಯೇ.

ಬೆಳಗಿನ ಮೂಗನ್ನು ಸಂಜೆಯ ಮೂಗಿನೊಂದಿಗೆ ಹೋಲಿಸುತ್ತಾ ಕುಳಿತರೆ ಮನಸ್ಸು ಕೆಡುತ್ತದೆ. ಒಂದೇ ಸಮಯದಲ್ಲಿ, ಒಂದೇ ಬೆಳಕಿನಲ್ಲಿ, ತಿಂಗಳಿಗೊಂದು ಫೋಟೊ ತೆಗೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬದಲಾವಣೆ ನಡೆಯುತ್ತಿದೆ ಎಂಬುದಕ್ಕೆ ನನಗೆ ಸಿಕ್ಕ ಏಕೈಕ ನಂಬಲರ್ಹ ಸಾಕ್ಷಿ ಆ ಫೋಟೊಗಳೇ. ಇನ್ನೊಂದು ಮಾತು: ರಾತ್ರಿ ಮೂಗಿಗೆ ಟೇಪ್ ಹಾಕಿಕೊಳ್ಳುವುದನ್ನು ಬಿಡಬೇಡಿ. ಊತ ಇಳಿಯಲು ನನಗೆ ಅದರಿಂದ ಬಹಳ ಸಹಾಯವಾಯಿತು.

ಹೊಂಬಾಳೆ

ಇಬ್ಬರಿಗೂ ಧನ್ಯವಾದಗಳು. ದುಗ್ಧನಾಳಗಳ ವಿಚಾರ ನನಗೆ ತಿಳಿದೇ ಇರಲಿಲ್ಲ. ಹಾಗಾದರೆ ಈ ಚುಕ್ಕೆಗಳನ್ನು ಏನು ಮಾಡಬೇಕು? ಮೂಗಿನ ಮೇಲೆ ಅಂಟಿಸಿ ಎಳೆಯುವ ಪೋರ್ ಸ್ಟ್ರಿಪ್ ಮನೆಯಲ್ಲಿದೆ. ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ಕೂಡ ಇದೆ. ಯಾವಾಗ ಶುರುಮಾಡಬಹುದು?

ವಾರ್ಡ್_ಸಿಸ್ಟರ್

ಹೊಂಬಾಳೆ ಅವರೇ, ಪೋರ್ ಸ್ಟ್ರಿಪ್ಪನ್ನು ಇಂದೇ ಕಣ್ಣಿಗೆ ಕಾಣದ ಜಾಗಕ್ಕೆ ಎತ್ತಿಡಿ. ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ದೀರ್ಘಕಾಲದಿಂದ ಕೆಲಸ ಮಾಡುತ್ತಿರುವವಳಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆ ಪಟ್ಟಿ ಚರ್ಮವನ್ನು ಮೇಲಕ್ಕೆ ಎಳೆಯುತ್ತದೆ. ನಿಮ್ಮ ಚರ್ಮವೋ ಇದೀಗ ಕೆಳಗಿನ ಮೃದ್ವಸ್ಥಿಗೆ ಕೂಡಿಕೊಳ್ಳುತ್ತಿದೆ. ಚುಕ್ಕೆಗಳನ್ನು ಉಗುರಿನಿಂದ ಹಿಸುಕುವುದೂ ಅಷ್ಟೇ ಅಪಾಯ. ತುದಿಗೆ ಸ್ಪರ್ಶಜ್ಞಾನ ಇಲ್ಲದಿರುವಾಗ ಎಷ್ಟು ಒತ್ತುತ್ತಿದ್ದೀರಿ ಎಂಬುದು ನಿಮಗೇ ಗೊತ್ತಾಗುವುದಿಲ್ಲ.

ನಾವು ರೋಗಿಗಳಿಗೆ ಹೇಳಿಕೊಡುವ ಕ್ರಮ ಹೀಗಿದೆ. ಕೈಗಳನ್ನು ಚೆನ್ನಾಗಿ ತೊಳೆದುಕೊಂಡು, ಸುಗಂಧವಿಲ್ಲದ ಸೌಮ್ಯವಾದ ಫೇಸ್‌ವಾಶನ್ನು ಅಂಗೈಯಲ್ಲೇ ನೊರೆ ಬರಿಸಿ, ಆ ನೊರೆಯನ್ನು ಮೂಗಿನ ಮೇಲೆ ಕೂರಿಸಿ, ಬೆರಳ ತುದಿಗಳನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ಜಾರಿಸಬೇಕು. ಅಡ್ಡಡ್ಡ ಉಜ್ಜಬಾರದು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೃದುವಾದ ಬಟ್ಟೆಯನ್ನು ಒತ್ತಿ ತೇವ ತೆಗೆಯಬೇಕು. ದಿನಕ್ಕೆ ಎರಡು ಬಾರಿ ಸಾಕು. ಎಣ್ಣೆ ಕಂಡಾಗಲೆಲ್ಲ ತೊಳೆದರೆ ನಡುಭಾಗದ ತೆಳುಚರ್ಮ ಇನ್ನಷ್ಟು ಒಡೆಯುತ್ತದೆ. ಸಿಪ್ಪೆಯನ್ನು ಕೀಳದೆ, ರಂಧ್ರ ಮುಚ್ಚದ ಬಗೆಯ ಹಗುರ ಮಾಯಿಶ್ಚರೈಸರನ್ನು ಅಲ್ಲಿಗೆ ಮಾತ್ರ ಹಚ್ಚಿದರೆ ಅದು ತಾನಾಗಿಯೇ ಉದುರುತ್ತದೆ. ಹಬೆ ತೆಗೆದುಕೊಳ್ಳುವುದು ಬೇಡ. ಬಿಸಿಯಿಂದ ಊತ ಹೆಚ್ಚುತ್ತದೆ, ಜೊತೆಗೆ ಜೋಮುಗಟ್ಟಿದ ಚರ್ಮ ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ಸ್ಯಾಲಿಸಿಲಿಕ್ ಆಮ್ಲ, ಬೆನ್ಜಾಯಿಲ್ ಪೆರಾಕ್ಸೈಡ್, ರೆಟಿನಾಯ್ಡ್ ಕ್ರೀಮುಗಳನ್ನು ನಿಮ್ಮ ಶಸ್ತ್ರವೈದ್ಯರು ಗಾಯ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಒಂದೊಂದಾಗಿ ಶುರುಮಾಡಿ, ಎಲ್ಲವನ್ನೂ ಒಟ್ಟಿಗೆ ಹಚ್ಚಬೇಡಿ. ಕೊಯ್ತದ ಗೆರೆಯ ಮೇಲಂತೂ ಅವು ಬೀಳಬಾರದು.

ಟೇಪಿನ ಬಗ್ಗೆ ನಿಧಾನವೇ_ಪ್ರಧಾನ ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಟೇಪಿನ ಅಂಟಿಗೆ ಅಲರ್ಜಿ ಇರುವವರನ್ನು ನಾವು ಆಗಾಗ ನೋಡುತ್ತೇವೆ. ಅದನ್ನು ಗುರುತಿಸುವುದು ಕಷ್ಟವಲ್ಲ: ಟೇಪ್ ಎಲ್ಲಿತ್ತೋ ಅಷ್ಟೇ ಜಾಗ ಕೆಂಪಾಗಿ, ಅಂಚು ಗೆರೆ ಎಳೆದಂತೆ ನೇರವಾಗಿದ್ದು, ನೋವಿಗಿಂತ ತುರಿಕೆಯೇ ಹೆಚ್ಚಿರುತ್ತದೆ, ಕೆಲವೊಮ್ಮೆ ಸಣ್ಣ ನೀರುಗುಳ್ಳೆಗಳೂ ಏಳುತ್ತವೆ. ಹಾಗಿದ್ದಲ್ಲಿ ಮತ್ತೆ ಟೇಪ್ ಹಾಕದೆ ವೈದ್ಯರಿಗೆ ತಿಳಿಸಿ. ಗಾಯಕ್ಕೆ ಹಚ್ಚಲು ಕೊಡುವ ಆಂಟಿಬಯಾಟಿಕ್ ಮುಲಾಮುಗಳಲ್ಲಿ, ಅದರಲ್ಲೂ ನಿಯೋಮೈಸಿನ್ ಇರುವುದರಲ್ಲಿ, ಇದೇ ತರಹದ ಅಲರ್ಜಿ ಬರುತ್ತದೆ. ಅದನ್ನು ಸೋಂಕೆಂದು ತಿಳಿದು ಅದೇ ಮುಲಾಮನ್ನು ಇನ್ನಷ್ಟು ಹಚ್ಚುವವರಿದ್ದಾರೆ. ಟೇಪ್ ತೆಗೆಯುವಾಗ ಒಣದಾಗಿ ಕೀಳಬೇಡಿ. ಒದ್ದೆ ಮಾಡಿ, ಅಂಟು ಸಡಿಲವಾದ ಮೇಲೆ ಒಂದು ಬೆರಳಿನಿಂದ ಚರ್ಮವನ್ನು ಹಿಡಿದುಕೊಂಡು, ಟೇಪನ್ನು ಅದರ ಮೇಲೆಯೇ ಮಡಿಸುತ್ತಾ ಮೆಲ್ಲಗೆ ಸುಲಿಯಿರಿ.

ಕುತೂಹಲಿ

ನನಗೂ ಕಣ್ಣಿನ ಕೆಳಗೆ ಕಂದು ಉಳಿದಿದೆ. ನನ್ನ ಮೈಬಣ್ಣ ಕಪ್ಪು. ಇದು ಶಾಶ್ವತವಾಗಿ ಉಳಿದುಬಿಡುತ್ತದೆಯೇ?

ಚರ್ಮತಜ್ಞೆ

ಕುತೂಹಲಿಯವರೇ, ಹೆಚ್ಚಿನವರಲ್ಲಿ ಉಳಿಯುವುದಿಲ್ಲ. ಆದರೆ ನೀವು ನೋಡುತ್ತಿರುವ ಕಂದು ಎರಡು ಬಗೆಯದ್ದಿರಬಹುದು.

ಮೊದಲನೆಯದು ರಕ್ತದ್ದು. ಮೂಳೆಯನ್ನು ಸರಿಸಿದಾಗ ಸೋರಿದ ರಕ್ತ ಕಣ್ಣಿನ ಸುತ್ತಲಿನ ಸಡಿಲ ಚರ್ಮದಡಿ ಇಳಿಯುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಅದು ಅತ್ಯಂತ ಗಾಢವಾಗಿ ಕಾಣುತ್ತದೆ. ಬಳಿಕ ಹಿಮೋಗ್ಲೋಬಿನ್ ಒಡೆದು ಹಸಿರು ಬಣ್ಣದ ಬಿಲಿವರ್ಡಿನ್, ಅದು ಮುಂದೆ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಕಪ್ಪು ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ ಕಾಣುವುದು ಈ ಕ್ರಮದಿಂದಲೇ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇದು ಮುಗಿಯುತ್ತದೆ. ಕೆಲವರಲ್ಲಿ ರಕ್ತದ ಕಬ್ಬಿಣಾಂಶ ಹಿಮೋಸಿಡೆರಿನ್ ಎಂಬ ರೂಪದಲ್ಲಿ ಚರ್ಮದೊಳಗೇ ಉಳಿದು, ತುಕ್ಕಿನ ಬಣ್ಣದ ಕಲೆಯಾಗಿ ಹಲವು ತಿಂಗಳು ಕಾಣಬಹುದು. ಬಿಳಿಚುವ ಕ್ರೀಮುಗಳಿಂದ ಇದಕ್ಕೆ ಉಪಯೋಗವಿಲ್ಲ, ಏಕೆಂದರೆ ಅವು ಕಬ್ಬಿಣದ ಮೇಲೆ ಕೆಲಸ ಮಾಡುವುದಿಲ್ಲ.

ಎರಡನೆಯದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನದು. ಚರ್ಮಕ್ಕೆ ಪೆಟ್ಟು, ಉರಿ, ಅಲರ್ಜಿ, ಮೊಡವೆ ಏನೇ ಆದರೂ ಬಣ್ಣದ ಕೋಶಗಳು ಕೆರಳಿ ಹೆಚ್ಚು ಮೆಲನಿನ್ ಸುರಿಸುತ್ತವೆ. ಚರ್ಮವನ್ನು ಬಿಸಿಲಿಗೆ ಅದು ಪ್ರತಿಕ್ರಿಯಿಸುವ ರೀತಿಯಂತೆ ಆರು ವರ್ಗಗಳಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾಪಕದಲ್ಲಿ ನಾಲ್ಕರಿಂದ ಆರನೆಯ ವರ್ಗದವರಿಗೆ ಇದು ಹೆಚ್ಚು. ಟೇಪಿನ ಅಲರ್ಜಿ ಆದ ಜಾಗ, ಹಿಸುಕಿದ ಮೊಡವೆಯ ಜಾಗ ಕಪ್ಪಾಗುವುದು ಈ ಬಗೆಯಿಂದ. ಇದೂ ತಾನಾಗಿಯೇ ಮಾಸುತ್ತದೆ, ಆದರೆ ಬಿಸಿಲು ಬಿದ್ದಷ್ಟೂ ತಡವಾಗುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಮೂಗಿನ ಶಸ್ತ್ರಚಿಕಿತ್ಸೆಯ ನಂತರದ ಅತಿ ಮುಖ್ಯ ಔಷಧ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದ್ದು, ಯುವಿಎ ಮತ್ತು ಯುವಿಬಿ ಎರಡನ್ನೂ ತಡೆಯುವಂಥದ್ದು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಗಾಢ ಮೈಬಣ್ಣದವರು ಐರನ್ ಆಕ್ಸೈಡ್ ಇರುವ, ಅಂದರೆ ಚರ್ಮದ ಬಣ್ಣದ ಛಾಯೆಯುಳ್ಳ ಸನ್‌ಸ್ಕ್ರೀನನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಅವರ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢವಾಗಿಸುತ್ತದೆ, ಮತ್ತು ಬಣ್ಣವಿಲ್ಲದ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ.

ಮೂರು ನಾಲ್ಕು ತಿಂಗಳಾದರೂ ಮಾಸದಿದ್ದರೆ ಅಜೆಲಾಯಿಕ್ ಆಮ್ಲದಂಥ ಔಷಧಗಳಿವೆ. ಆದರೆ ಯಾರೋ ಹೇಳಿದರೆಂದು ಸ್ಟೆರಾಯ್ಡ್ ಬೆರೆತ ಬಿಳಿಚುವ ಕ್ರೀಮನ್ನು ಮೂಗಿಗೆ ಹಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮೊದಲೇ ತೆಳುವಾಗಿರುವ ಚರ್ಮ ಅದರಿಂದ ಇನ್ನೂ ತೆಳುವಾಗಿ, ರಕ್ತನಾಳಗಳು ಗೆರೆಗೆರೆಯಾಗಿ ಕಾಣತೊಡಗುತ್ತವೆ.

ನಿಧಾನವೇ_ಪ್ರಧಾನ

ದಪ್ಪ ಚರ್ಮದವರಿಗೆ, ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ಕೊಟ್ಟರೆ ಎಣ್ಣೆ ನಿಂತು ಮೂಗು ಬೇಗ ರೂಪಕ್ಕೆ ಬರುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಇನ್ನು ಕೆಲವರು ಆ ಮಾತ್ರೆ ನುಂಗಿದವರು ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳಬಾರದು ಎನ್ನುತ್ತಾರೆ. ಎರಡರಲ್ಲಿ ಯಾವುದು ನಿಜ?

ಇಎನ್‌ಟಿ_ಸರ್ಜನ್

ಪ್ರಶ್ನೆ ಸರಿಯಾಗಿದೆ. ಎರಡು ಅಭಿಪ್ರಾಯಗಳಿಗೂ ಹಿನ್ನೆಲೆ ಇದೆ.

ಐಸೊಟ್ರೆಟಿನೋಯಿನ್ ತೈಲಗ್ರಂಥಿಗಳನ್ನು ಕುಗ್ಗಿಸುತ್ತದೆ. ಗಾಯ ಮಾಯುವಾಗ ಹೊಸ ಚರ್ಮ ಬೆಳೆದು ಬರುವುದು ಅಂಥ ಗ್ರಂಥಿಗಳ ಬುಡದಿಂದಲೂ ಆದ್ದರಿಂದ, ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವ ತನಕ ಚರ್ಮದ ಮೇಲೆ ಯಾವ ಚಿಕಿತ್ಸೆಯೂ ಬೇಡವೆಂಬ ನಿಯಮ ಬಹುಕಾಲ ನಡೆದುಬಂದಿತ್ತು. 2017ರಲ್ಲಿ ಅಮೆರಿಕನ್ ಸೊಸೈಟಿ ಫಾರ್ ಡರ್ಮಟಾಲಜಿಕ್ ಸರ್ಜರಿಯ ತಜ್ಞರ ತಂಡ ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಮೇಲ್ಪದರದ ಕೆಮಿಕಲ್ ಪೀಲ್, ಕೂದಲು ತೆಗೆಯುವ ಲೇಸರ್ ಮುಂತಾದವನ್ನು ಈ ಕಾರಣಕ್ಕೆ ಮುಂದೂಡಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿತು. ಅದು ಚರ್ಮದ ಚಿಕಿತ್ಸೆಗಳ ಕುರಿತಾದ ಮಾತು, ಅದನ್ನೇ ರೈನೋಪ್ಲಾಸ್ಟಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ದಪ್ಪ ಚರ್ಮದವರಿಗೆ ಶಸ್ತ್ರಚಿಕಿತ್ಸೆಯ ನಂತರ ಕಡಿಮೆ ಪ್ರಮಾಣದಲ್ಲಿ ಈ ಮಾತ್ರೆ ಕೊಟ್ಟು ನೋಡಿದ ಅಧ್ಯಯನಗಳೂ ನಡೆದಿವೆ. ಮೊದಲ ತಿಂಗಳುಗಳಲ್ಲಿ ಅನುಕೂಲ ಕಂಡರೂ ವರ್ಷದ ಹೊತ್ತಿಗೆ ತೆಗೆದುಕೊಂಡವರ ಮತ್ತು ತೆಗೆದುಕೊಳ್ಳದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯದಿರಬಹುದು. ಹಾಗಾಗಿ ನಾನು ಅದನ್ನು ಮೊಡವೆ ತೀವ್ರವಾಗಿರುವವರಿಗಷ್ಟೇ, ಚರ್ಮವೈದ್ಯರೊಂದಿಗೆ ಮಾತಾಡಿ, ಯೋಚಿಸುತ್ತೇನೆ. ಗರ್ಭಿಣಿಯರಿಗೂ ಗರ್ಭ ಧರಿಸುವ ಸಾಧ್ಯತೆಯುಳ್ಳ, ಗರ್ಭನಿರೋಧಕ ಬಳಸದ ಮಹಿಳೆಯರಿಗೂ ಇದು ಸಲ್ಲದು, ಏಕೆಂದರೆ ಭ್ರೂಣಕ್ಕೆ ಗಂಭೀರ ಅಂಗವೈಕಲ್ಯ ತರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಯನ್ನು ನುಂಗಿದ್ದರೆ ಅದನ್ನು ಶಸ್ತ್ರವೈದ್ಯರಿಂದ ಮುಚ್ಚಿಡಬಾರದು.

ರಾತ್ರಿ ಟೇಪ್ ಹಾಕುವುದರ ಬಗ್ಗೆ ನನ್ನ ನಿಲುವು ಮಧ್ಯಮವಾದದ್ದು. ದಪ್ಪ ಚರ್ಮದವರಿಗೆ ಕೆಲವು ವಾರಗಳ ಕಾಲ ಹಾಕಿಸುತ್ತೇನೆ. ಆದರೆ ಮೊಡವೆ ಎದ್ದಿರುವ, ಎಣ್ಣೆ ಕಟ್ಟಿರುವ ಚರ್ಮದ ಮೇಲೆ ಟೇಪ್ ಅಂಟಿಸಿದರೆ ಸ್ಪ್ಲಿಂಟಿನಡಿ ಆದದ್ದೇ ಮತ್ತೆ ಆಗುತ್ತದೆ. ಅಂಥವರು ಕೆಲವು ರಾತ್ರಿ ಬಿಟ್ಟುಬಿಡುವುದೇ ಮೇಲು.

ಇನ್ನು ಹೊಂಬಾಳೆಯವರ ಜೋಮು. ಮೂಗಿನ ತುದಿಗೆ ಸ್ಪರ್ಶ ತರುವ ನರ ಮೂಗಿನ ಒಳಗಿನಿಂದ ಹೊರಟು, ಮೂಳೆಗೂ ಅದರ ಕೆಳಗಿನ ಮೃದ್ವಸ್ಥಿಗೂ ನಡುವಿನ ಸಂದಿಯಲ್ಲಿ ಹೊರಬಂದು, ಚರ್ಮದಡಿಯಲ್ಲಿ ತುದಿಯ ತನಕ ಇಳಿಯುತ್ತದೆ. ದಿಬ್ಬ ತಗ್ಗಿಸುವ ಕೆಲಸ ನಡೆಯುವುದು ಸರಿಯಾಗಿ ಅದೇ ಸಂದಿಯ ಮೇಲೆ. ಆ ನರ ಎಳೆಯಲ್ಪಡುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಸ್ಪರ್ಶ ಹಲವು ತಿಂಗಳುಗಳಲ್ಲಿ ಮರಳುತ್ತದೆ, ಮರಳುವಾಗ ಜುಮ್ಮೆನ್ನುವುದು, ಚುಚ್ಚಿದಂತಾಗುವುದು, ಕಾರಣವಿಲ್ಲದೆ ತುರಿಸುವುದು ಇರುತ್ತವೆ. ಅವು ಒಳ್ಳೆಯ ಸೂಚನೆಗಳೇ.

ಈಗ ಯಾವುದಕ್ಕೆ ಕಾಯಬಾರದು ಎಂಬುದನ್ನು ಹೇಳಲೇಬೇಕು, ಏಕೆಂದರೆ ಇಲ್ಲಿಯವರೆಗಿನ ಮಾತುಕತೆ ಓದಿದವರು ಚರ್ಮದ ಎಲ್ಲ ಬದಲಾವಣೆಗೂ ತಾಳ್ಮೆಯೇ ಮದ್ದು ಎಂದುಕೊಳ್ಳಬಾರದು. ಓಪನ್ ವಿಧಾನದಲ್ಲಿ ಹೊಳ್ಳೆಗಳ ನಡುವಿನ ಪಟ್ಟಿಯ ಮೂಲಕ ತುದಿಗೆ ಹೋಗುವ ಸಣ್ಣ ರಕ್ತನಾಳಗಳನ್ನು ಕತ್ತರಿಸಲಾಗುತ್ತದೆ. ತುದಿಯ ಚರ್ಮ ಬದುಕುವುದು ಮುಖ್ಯವಾಗಿ ಎರಡೂ ಪಕ್ಕಗಳಿಂದ ಬರುವ ನಾಳಗಳ ಆಸರೆಯಿಂದ. ಆ ಆಸರೆ ಸಾಲದಾದರೆ ತುದಿ ಮೊದಲು ಬಿಳಿಚಿಕೊಳ್ಳುತ್ತದೆ ಅಥವಾ ಕಪ್ಪು ನೇರಳೆಗೆ ತಿರುಗುತ್ತದೆ, ಬೊಬ್ಬೆ ಏಳುತ್ತದೆ, ಕೊನೆಗೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಸ್ವಚ್ಛ ಬೆರಳಿನಿಂದ ತುದಿಯನ್ನು ಹಗುರವಾಗಿ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡುಗಳ ಆಸುಪಾಸಿನಲ್ಲಿ ಬಣ್ಣ ಮರಳಬೇಕು. ಗಾಢ ಬಣ್ಣದ ಚರ್ಮದಲ್ಲಿ ಇದನ್ನು ಕಾಣುವುದು ಕಷ್ಟ, ಆದ್ದರಿಂದ ಅನುಮಾನವಿದ್ದರೆ ಪರೀಕ್ಷೆಯನ್ನು ನಂಬಿ ಕೂರದೆ ವೈದ್ಯರಿಗೆ ತೋರಿಸಿ. ಇದು ಅಪರೂಪ, ಆದರೆ ಗಂಟೆಗಳೇ ಲೆಕ್ಕಕ್ಕೆ ಬರುವ ಸ್ಥಿತಿ. ಟೇಪ್ ಅಥವಾ ಸ್ಪ್ಲಿಂಟ್ ಬಿಗಿಯಾಗಿರುವುದೇ ಕಾರಣವಾಗಿದ್ದರೆ ಸಡಿಲಿಸಿದ ಕೂಡಲೇ ಸುಧಾರಿಸುವುದೂ ಉಂಟು. ಧೂಮಪಾನಿಗಳಲ್ಲಿ ಈ ಅಪಾಯ ಹೆಚ್ಚು. ನಿಕೋಟಿನ್ ಯಾವ ರೂಪದಲ್ಲಿ ಒಳಹೋದರೂ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಸಿಗರೇಟಿನ ಬದಲು ಗಮ್ ಅಗಿದರೂ ಚರ್ಮಕ್ಕೆ ಅದು ನಿಕೋಟಿನ್ನೇ.

ಹಾಗೆಯೇ ಊತ ಇಳಿಯುತ್ತಿದ್ದುದು ಇದ್ದಕ್ಕಿದ್ದಂತೆ ಏರಿ, ಕೆಂಪು ಹರಡುತ್ತಾ, ಮುಟ್ಟಿದರೆ ಬಿಸಿಯಾಗಿ, ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಇದ್ದರೆ, ಜ್ವರ ಬಂದರೆ, ದೃಷ್ಟಿಯಲ್ಲಿ ವ್ಯತ್ಯಾಸವಾದರೆ, ಬಾಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಫೋನ್ ಮಾಡಿ. ಫೋನ್ ಮಾಡಿ ತೊಂದರೆ ಕೊಟ್ಟಿರೆಂದು ಯಾವ ಶಸ್ತ್ರವೈದ್ಯನೂ ಬೇಸರಿಸಬಾರದು. ಬೇಸರಿಸಿದರೂ ನೀವು ಹಿಂಜರಿಯಬಾರದು.

ಎರಡನೇ_ಸಲ

ನನ್ನದು ಮರು ಶಸ್ತ್ರಚಿಕಿತ್ಸೆ. ಎಣ್ಣೆಯೂ ಮೊಡವೆಯೂ ನನ್ನನ್ನು ಕಾಡಲಿಲ್ಲ, ನನ್ನದು ತೆಳುಚರ್ಮ. ಆದರೆ ನಡುಭಾಗದಲ್ಲಿ ಕೆಂಪು ಉಳಿಯಿತು. ದೂರದಿಂದ ನೋಡಿದರೆ ಬಿಸಿಲಿಗೆ ಕೆಂಪಾದಂತೆ, ಹತ್ತಿರದಿಂದ ನೋಡಿದರೆ ಕೂದಲೆಳೆಯಂಥ ಕೆಂಪು ನಾಳಗಳು ಕವಲೊಡೆದಿರುವುದು ಕಾಣುತ್ತಿತ್ತು. ಚಳಿಯಲ್ಲಿ ತುದಿ ನೀಲಿ ಛಾಯೆಗೆ ತಿರುಗುತ್ತಿತ್ತು, ಬೆಚ್ಚಗಾದರೆ ಮತ್ತೆ ಕೆಂಪು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಮುಖದ ನಟ್ಟನಡುವೆ ಇರುವ ಬದಲಾವಣೆ ಅದು, ಪ್ರತಿಯೊಬ್ಬರೂ ಮೊದಲು ಅದನ್ನೇ ನೋಡುತ್ತಾರೆ.

ನನ್ನ ಚರ್ಮವೈದ್ಯರು ಹೇಳಿದ ಪ್ರಕಾರ, ಚರ್ಮವನ್ನು ಮೇಲೆತ್ತಿದಾಗಲೆಲ್ಲ ಹಳೆಯ ನಾಳಗಳ ಬದಲಿಗೆ ಹೊಸವು ಹುಟ್ಟಿಕೊಳ್ಳುತ್ತವೆ. ತೆಳುಚರ್ಮದಲ್ಲಿ, ಅದರಲ್ಲೂ ಮರು ಶಸ್ತ್ರಚಿಕಿತ್ಸೆಯಲ್ಲಿ, ಅವು ಹೊರಗೆ ಕಾಣುವ ಸಾಧ್ಯತೆ ಹೆಚ್ಚು. ಬಹಳ ತಿಂಗಳು ಕಾದ ಮೇಲೂ ಹೋಗದ ನಾಳಗಳಿಗೆ 595 ನ್ಯಾನೋಮೀಟರ್ ತರಂಗದ ಪಲ್ಸ್ಡ್ ಡೈ ಲೇಸರ್ ಕೊಟ್ಟರು. ಅದರ ಬೆಳಕನ್ನು ರಕ್ತದ ಕೆಂಪು ಹೀರಿಕೊಳ್ಳುವುದರಿಂದ ನಾಳವನ್ನಷ್ಟೇ ಮುಚ್ಚುವ ಲೇಸರ್ ಅದು. ಒಂದೇ ಸಲಕ್ಕೆ ಹೋಗಲಿಲ್ಲ, ಆದರೆ ಈಗ ಹತ್ತಿರದಿಂದ ನೋಡಿದವರಿಗಷ್ಟೇ ಕಾಣುತ್ತದೆ.

ಚರ್ಮತಜ್ಞೆ

ಎರಡನೇ_ಸಲ ಅವರ ಮಾತಿಗೆ ಒಂದು ಸೇರ್ಪಡೆ. ಗಾಢ ಮೈಬಣ್ಣದವರಲ್ಲಿ ಆ ಲೇಸರಿನ ಶಕ್ತಿಯನ್ನು ಮೆಲನಿನ್ನೂ ಹೀರಿಕೊಳ್ಳುವುದರಿಂದ ಕಲೆಯಾಗುವ, ಸುಡುವ ಅಪಾಯವಿದೆ. ಅಂಥವರಿಗೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದೂ ಅನುಭವಿಗಳ ಕೈಯಲ್ಲಿ.

ಮೂಗಿನೊಳಗೆ ಸಿಲಿಕೋನ್ ಇಂಪ್ಲಾಂಟ್ ಇಟ್ಟಿರುವವರು ಇನ್ನೊಂದನ್ನು ನೆನಪಿಡಬೇಕು. ಎಷ್ಟೋ ವರ್ಷಗಳ ನಂತರವೂ ತುದಿಯ ಒಂದು ಬಿಂದುವಿನಲ್ಲಿ ಮಾತ್ರ ಕೆಂಪು ಉಳಿದು, ಅಲ್ಲಿನ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಅದು ಒಳಗಿನ ಇಂಪ್ಲಾಂಟ್ ಹೊರಗೆ ತಳ್ಳುತ್ತಿರುವುದರ ಸೂಚನೆಯಾಗಿರಬಹುದು. ಚರ್ಮ ಒಡೆಯುವ ಮೊದಲೇ ಶಸ್ತ್ರವೈದ್ಯರನ್ನು ಕಂಡರೆ ಸರಿಪಡಿಸುವುದು ಸುಲಭ. ಇದಕ್ಕೆ ಲೇಸರ್ ಮಾಡಿಸಲು ಹೋಗಬೇಡಿ.

ಕುತೂಹಲಿ

ನನ್ನ ತುದಿಯ ಮೇಲ್ಭಾಗದಲ್ಲಿ ಗಟ್ಟಿ ಊತ ಉಳಿದಿದೆ. ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತೇವೆ ಎಂದಿದ್ದಾರೆ. ಚರ್ಮಕ್ಕೆ ಅದರಿಂದ ಹಾನಿಯಿಲ್ಲವೇ, ಸರ್?

ಇಎನ್‌ಟಿ_ಸರ್ಜನ್

ಸರಿಯಾದ ಜಾಗದಲ್ಲಿ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಉಪಯುಕ್ತ. ಸಾಮಾನ್ಯವಾಗಿ ಟ್ರಯಾಮ್ಸಿನೋಲೋನ್ ಎಂಬ ಔಷಧವನ್ನು ಚರ್ಮದೊಳಕ್ಕಲ್ಲ, ಅದಕ್ಕಿಂತ ಆಳದಲ್ಲಿ, ಮೃದ್ವಸ್ಥಿಯ ಮೇಲೆ ಕಟ್ಟಿಕೊಂಡ ಗಾಯದ ಅಂಗಾಂಶಕ್ಕೆ ಕೊಡುತ್ತೇವೆ. ಔಷಧ ಮೇಲ್ಪದರಕ್ಕೆ ಸೇರಿದರೆ ಚರ್ಮ ತೆಳುವಾಗಿ ಕುಳಿ ಬೀಳಬಹುದು, ಬಣ್ಣ ಬಿಳಿಚಬಹುದು, ಕೆಂಪು ನಾಳಗಳು ಕಾಣಬಹುದು. ಆದ್ದರಿಂದ ಒಂದು ಚುಚ್ಚುಮದ್ದಿನ ಪರಿಣಾಮವನ್ನು ಕನಿಷ್ಠ ನಾಲ್ಕರಿಂದ ಆರು ವಾರ ನೋಡಿಯೇ ಮುಂದಿನದನ್ನು ಯೋಚಿಸಬೇಕು. ಬೇಗ ಚಿಕ್ಕದಾಗಲಿ ಎಂದು ರೋಗಿಗಳು ಒತ್ತಾಯಿಸುವುದುಂಟು, ನಾನು ಒಪ್ಪುವುದಿಲ್ಲ. ಹೆಚ್ಚಿನ ಊತ ಮೊದಲ ಕೆಲವು ತಿಂಗಳಲ್ಲಿ ಇಳಿದರೂ ತುದಿಯದ್ದು ಪೂರ್ತಿ ಇಳಿಯಲು ಒಂದು ವರ್ಷ, ದಪ್ಪ ಚರ್ಮದಲ್ಲಿ ಒಂದೂವರೆಯಿಂದ ಎರಡು ವರ್ಷ ಹಿಡಿಯಬಹುದು. ಹಾಗೆ ಇಳಿಯಬೇಕಾದ್ದನ್ನು ಔಷಧದಿಂದ ಕರಗಿಸಿ ಕುಳಿ ಮಾಡಿಕೊಂಡರೆ ತುಂಬಿಸುವುದು ಬಹಳ ಕಷ್ಟ.

ಹೊಂಬಾಳೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೊನೆಯದಾಗಿ ಕೊಯ್ತದ ಗೆರೆಯ ಬಗ್ಗೆ ಕೇಳಬೇಕು. ಹೊಳ್ಳೆಗಳ ನಡುವಿನ ಗೆರೆ ಈಗ ಗುಲಾಬಿ ಬಣ್ಣಕ್ಕಿದೆ, ಬೆರಳಿಗೆ ಸ್ವಲ್ಪ ಉಬ್ಬು ಸಿಗುತ್ತದೆ. ವಿಟಮಿನ್ ಇ ಎಣ್ಣೆ ಹಚ್ಚಬಹುದೇ? ಕನ್ನಡಕ ಧರಿಸುವುದು ಯಾವಾಗಿನಿಂದ?

ವಾರ್ಡ್_ಸಿಸ್ಟರ್

ಗೆರೆ ಮೊದಲ ಕೆಲವು ತಿಂಗಳು ಗುಲಾಬಿಯಾಗಿ, ತುಸು ಗಟ್ಟಿಯಾಗಿ ಇರುತ್ತದೆ. ಒಳಗೆ ಕೊಲಾಜನ್ ಎಳೆಗಳು ಮರುಜೋಡಣೆಯಾಗುತ್ತಾ ಸುಮಾರು ಒಂದು ವರ್ಷದಲ್ಲಿ ಗೆರೆ ಮೆತ್ತಗಾಗಿ ಬಣ್ಣ ಕಳೆದುಕೊಳ್ಳುತ್ತದೆ. ವಿಟಮಿನ್ ಇ ಎಣ್ಣೆ ಬೇಡ, ಅದರಿಂದ ಗುರುತು ಮಾಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಅಲರ್ಜಿ ಮಾತ್ರ ಹಲವರಲ್ಲಿ ಬರುತ್ತದೆ. ಗಾಯ ಪೂರ್ತಿ ಮುಚ್ಚಿ ಹೊಪ್ಪಳೆ ಉದುರಿದ ಮೇಲೆ ಸಿಲಿಕೋನ್ ಜೆಲ್ಲನ್ನು ತೆಳುವಾಗಿ ಹಚ್ಚಬಹುದು. ಅದು ಹೊಳ್ಳೆಯೊಳಕ್ಕೆ ಹೋಗದಂತೆ ಹತ್ತಿಕಡ್ಡಿಯ ತುದಿಯಿಂದ ಗೆರೆಯ ಮೇಲಷ್ಟೇ ಸವರಿ, ಒಣಗಲು ಬಿಡಿ. ಸನ್‌ಸ್ಕ್ರೀನ್ ಹಚ್ಚುವಾಗ ಮೂಗಿನ ಮೇಲ್ಭಾಗಕ್ಕೆ ಹಚ್ಚಿ ಈ ಗೆರೆಯನ್ನು ಮರೆಯುವವರೇ ಹೆಚ್ಚು. ನೆಲದಿಂದ, ನೀರಿನಿಂದ ಪ್ರತಿಫಲಿಸುವ ಬಿಸಿಲು ಅಲ್ಲಿಗೂ ತಲುಪುತ್ತದೆ.

ಮೂಳೆಯ ಕೆಲಸ ಆಗಿರುವುದರಿಂದ ಕನ್ನಡಕದ ಭಾರ ಮೂಗಿನ ಮೇಲೆ ಬೀಳುವಂತಿಲ್ಲ. ನಾಲ್ಕರಿಂದ ಆರು ವಾರ ಎಂದು ಸಾಮಾನ್ಯವಾಗಿ ಹೇಳುತ್ತೇವೆ, ನಿಮ್ಮ ವೈದ್ಯರು ಇನ್ನೂ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿ. ಚರ್ಮದ ದೃಷ್ಟಿಯಿಂದಲೂ ಇದು ಮುಖ್ಯ: ಊದಿದ ಚರ್ಮದ ಮೇಲೆ ಕನ್ನಡಕದ ಪ್ಯಾಡ್ ಒತ್ತಿದರೆ ಎರಡು ಕಡೆಯೂ ಗುಳಿ ಬಿದ್ದು, ಆ ಜಾಗ ಕಪ್ಪಾಗುತ್ತದೆ. ಅಲ್ಲಿಯ ತನಕ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಿ, ಇಲ್ಲವೇ ಕನ್ನಡಕದ ಸೇತುವೆಯನ್ನು ಟೇಪಿನಿಂದ ಹಣೆಗೆ ತೂಗುಹಾಕುವುದನ್ನು ಮುಂದಿನ ಭೇಟಿಯಲ್ಲಿ ಅಲ್ಲಿನ ಸಿಸ್ಟರ್ ಬಳಿ ಕೇಳಿ ಕಲಿಯಿರಿ.